ನೀಲಿ ಹಲ್ಲು, ಎರಡು ಓ

ಒಂದು ಹಾಡು ಒಂದು ಫೋನಿನಿಂದ ಇನ್ನೊಂದು ಫೋನಿಗೆ ದಾಟಲು ನಾಲ್ಕೈದು ನಿಮಿಷ ಹಿಡಿಯುತ್ತಿದ್ದ ಕಾಲ ಅದು. ಫೋನುಗಳಿಗೆ ಗುಂಡಿಗಳಿದ್ದವು. ನಮ್ಮ ಮನೆಗೆ ಇದ್ದದ್ದು ಒಂದೇ ಫೋನು, ಅಪ್ಪನದು. ಆನ್ ಮಾಡಿದರೆ ಪರದೆಯ ಎರಡು ಬದಿಯಿಂದ ಎರಡು ಕೈಗಳು ಬಂದು ಒಂದನ್ನೊಂದು ಹಿಡಿಯುತ್ತಿದ್ದವು. ದೊಡ್ಡ ಕೈ ಅಜ್ಜನದು, ಸಣ್ಣ ಕೈ ಮೊಮ್ಮಗನದು ಎಂದು ಹೊನ್ನಾಳಿಯ ನಮ್ಮ ಓಣಿಯ ಮಕ್ಕಳೆಲ್ಲ ಒಪ್ಪಿಕೊಂಡಿದ್ದೆವು. ಹಾಡು ಕಳಿಸುವಾಗ ಎರಡು ಫೋನುಗಳನ್ನು ತಲೆಗೆ ತಲೆ ತಾಗಿಸಿ ಕಟ್ಟೆಯ ಮೇಲೆ ಮಲಗಿಸಿ, ಸುತ್ತ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ನಡುವೆ ಯಾರಾದರೂ ಕೈ ಆಡಿಸಿದರೆ ಹಾಡು ಚೆಲ್ಲಿಹೋಗುತ್ತದೆ ಎಂದು ಬೈಸಿಕೊಳ್ಳುತ್ತಿದ್ದರು.

ಆ ಬೇಸಿಗೆಯ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಡೈರಿಯಲ್ಲೂ ಎರಡು ಸಲ ಬರೆದಿಟ್ಟಿದ್ದೇನೆ. ಎರಡು ಸಲವೂ ಸುಳ್ಳು ಬರೆದಿದ್ದೆ ಎಂಬುದು ಗೊತ್ತಾದದ್ದು ಹೋದ ತಿಂಗಳು. ಬೇಕೆಂದು ಬರೆದ ಸುಳ್ಳಲ್ಲ, ಕಣ್ಣಾರೆ ಕಂಡೆ ಎಂದು ನಂಬಿ ಬರೆದದ್ದು. ಅದಕ್ಕೇ ಮನಸ್ಸಿಗೆ ಇನ್ನೂ ಸಮಾಧಾನವಿಲ್ಲ. ಇದು ಮೂರನೆಯ ಸಲ ಬರೆಯುತ್ತಿರುವುದು. ಮೊದಲು, ಇಷ್ಟು ವರ್ಷ ನನಗೆ ನೆನಪಿದ್ದ ಹಾಗೆಯೇ ಬರೆಯುತ್ತೇನೆ.

ನಾನಾಗ ಐದನೇ ತರಗತಿ ಮುಗಿಸಿದ್ದೆ. ಬೇಸಿಗೆ ರಜೆ ಶುರುವಾದ ವಾರಕ್ಕೆ ಜಗಳೂರು ಕಡೆಯ ಹಳ್ಳಿಯಿಂದ ನನ್ನ ಸೋದರತ್ತೆಯ ಮಗಳು ರೇಣುಕಾ ಬಂದಳು. ನನಗಿಂತ ಎರಡು ವರ್ಷ ದೊಡ್ಡವಳು. ನಾನು ರೇಣಕ್ಕ ಎನ್ನುತ್ತಿದ್ದೆ. ಅವರ ಊರಿನ ಶಾಲೆ ಏಳನೆಯದಕ್ಕೆ ಮುಗಿಯುತ್ತಿತ್ತು. ಎಂಟರಿಂದ ಹತ್ತರವರೆಗೆ ನಮ್ಮ ಮನೆಯಲ್ಲಿದ್ದು ಹೊನ್ನಾಳಿಯ ಹೈಸ್ಕೂಲಿಗೆ ಹೋಗಲಿ ಎಂದು ಅಪ್ಪ, ಅತ್ತೆ ಮಾತಾಡಿಕೊಂಡಿದ್ದರು. ಒಂದು ಬಟ್ಟೆಯ ಚೀಲ, ಹುರಿದ ಶೇಂಗಾದ ಗಂಟು, ರಟ್ಟು ಕಿತ್ತುಹೋದ ಒಂದು ನೋಟುಬುಕ್ಕು ಹಿಡಿದು ಬಂದ ಅವಳು ಬಾಗಿಲಲ್ಲೇ ನಿಂತು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, "ಅತ್ತೇ, ಆರಾಮಿದೀರಾ?" ಎಂದು ಅಮ್ಮನನ್ನು ಕೇಳಿದಳು. ನಾಚಿಕೆ ಅಂದುಕೊಂಡೆ.

ನಾಚಿಕೆಯಲ್ಲ ಎಂದು ಗೊತ್ತಾದದ್ದು ಮರುದಿನ ಬೆಳಿಗ್ಗೆ. ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೂತು ರೇಣಕ್ಕ ಇಟ್ಟಿಗೆ ಪುಡಿಯಿಂದ ಹಲ್ಲು ತಿಕ್ಕುತ್ತಿದ್ದಳು. ಇಟ್ಟಿಗೆ ಚೂರನ್ನು ಅವಳೇ ಕುಟ್ಟಿ ಪುಡಿ ಮಾಡಿದ್ದಳು. ಬಾಯಿಯಿಂದ ಕೆಂಪು ನೀರು ಸುರಿಯುತ್ತಿತ್ತು. ಇಟ್ಟಿಗೆಯ ಕೆಂಪು ಅಂದುಕೊಂಡೆ. ಹತ್ತಿರ ಹೋದರೆ ರಕ್ತ. ನಾನು ಚೀರುವಷ್ಟರಲ್ಲಿ ಅವಳು ನನ್ನ ಬಾಯಿ ಮುಚ್ಚಿದಳು. ಆಗ ಅವಳ ಬಾಯಿ ತೆರೆದಿತ್ತು, ಕೈ ಅಡ್ಡ ಇರಲಿಲ್ಲ. ಮುಂದಿನ ಹಲ್ಲುಗಳ ಮೇಲೆಲ್ಲ ಕಂದು ಗೆರೆಗಳು, ಹಂಚಿನ ಮೇಲೆ ಸ್ವಲ್ಪ ಹೆಚ್ಚು ಬಿಟ್ಟ ಹೋಳಿಗೆಯ ಕಲೆಗಳ ಹಾಗೆ. ಅಂಥ ಹಲ್ಲನ್ನು ನಾನು ಅದುವರೆಗೆ ನೋಡಿರಲಿಲ್ಲ. ಹೆದರಿಕೊಂಡೆ.

"ಏನಾಗೈತೆ ರೇಣಕ್ಕ?"

"ಬೋರಿನ ನೀರು. ನಮ್ಮೂರಾಗೆ ಎಲ್ಲರಿಗೂ ಹಿಂಗೇ ಐತೆ."

"ಹೋಗಲ್ವಾ?"

"ಹೊಳೆ ನೀರು ಕುಡಿದ್ರೆ ಹೋಗ್ತೈತಂತೆ. ಮೂರು ವರ್ಷ ಬೇಕಂತೆ" ಎಂದು ಪಿಸುಗುಟ್ಟಿದಳು. "ಹತ್ತನೇದು ಮುಗಿಯಾಕೂ ಮೂರೇ ವರ್ಷ ನೋಡು."

ಯಾರು ಹೇಳಿದರೋ ಗೊತ್ತಿಲ್ಲ. ಒಮ್ಮೆ ಬಂದ ಆ ಕಲೆ ಯಾವ ನೀರಿಗೂ ಹೋಗುವುದಿಲ್ಲ ಎಂದು ನಾನು ಓದಿ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆದರೆ ಆ ಬೇಸಿಗೆಯಲ್ಲಿ ಅವಳು ಹಾಗೆಂದು ನಂಬಿದ್ದಳು, ಅವಳ ಮಾತು ಕೇಳಿ ನಾನೂ ನಂಬಿದೆ. ನಲ್ಲಿಯಲ್ಲಿ ಬರುವ ಹೊಳೆ ನೀರನ್ನು ಅವಳು ಕುಡಿಯುವ ಮೊದಲು ಒಂದು ಗಳಿಗೆ ಬಾಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ. "ಈ ಹುಡುಗಿ ಒಬ್ಬಳೇ ಒಂದು ಕೊಡ ನೀರು ಖಾಲಿ ಮಾಡ್ತಾಳೆ ನೋಡ್ರಿ" ಎಂದು ಅಮ್ಮ ಅಪ್ಪನಿಗೆ ಹೇಳಿ ನಗುತ್ತಿದ್ದಳು. ಯಾಕೆ ಎಂದು ನನಗೆ ಮಾತ್ರ ಗೊತ್ತಿತ್ತು.

ನಾವಿಬ್ಬರೂ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು. ಮಧ್ಯಾಹ್ನ ಉಪ್ಪು ಖಾರ ಹಚ್ಚಿದ ಮಾವಿನಕಾಯಿ, ಚೌಕಾಬಾರ, ಐದು ಕಲ್ಲಿನಾಟ. ಸಂಜೆ ಅಪ್ಪ ಕಚೇರಿಯಿಂದ ಬರುವಾಗ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಾಗ ನಾವೆಲ್ಲ ಬಜ್ಜಿಗೆ ಕೈ ಹಾಕಿದರೆ ರೇಣಕ್ಕ ಕಾಗದಕ್ಕೆ ಕೈ ಹಾಕುತ್ತಿದ್ದಳು. ಪೊಟ್ಟಣ ಕಟ್ಟಿದ ಹಳೆಯ ಪೇಪರು. ಎಣ್ಣೆ ಹತ್ತಿದ ಕಡೆ ಹಿಂದಿನ ಪುಟದ ಅಕ್ಷರಗಳು ತೋರಿಬಂದು ಮುಂದಿನದರೊಳಗೆ ಕಲಸಿಹೋಗಿರುತ್ತಿದ್ದವು. ಬೆಳಕಿಗೆ ಹಿಡಿದು ಬಿಡಿಸಿ ಬಿಡಿಸಿ ಓದುತ್ತಿದ್ದಳು. ಅವರ ಮನೆಗೆ ಪೇಪರು ಬರುತ್ತಿರಲಿಲ್ಲ.

ಅಪ್ಪನಿಗೆ ಅದು ಬಹಳ ಹಿಡಿಸಿತು. "ರೇಣುಕಾನ್ನ ನೋಡಿ ಕಲಿಯೇ ಸುಮಿ. ಪೊಟ್ಟಣದ ಕಾಗದಾನೂ ಬಿಡಲ್ಲ. ನಿನ್ನ ಮುಂದೆ ಪುಸ್ತಕ ಸುರುವಿದ್ರೂ ಮುಟ್ಟಲ್ಲ ನೀನು."

ಇನ್ನೊಂದು ದಿನ ನಾನು ಹೊಸ ನೋಟುಬುಕ್ಕಿನ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆಯುತ್ತಿದ್ದೆ. ಎಸ್, ಓ, ಓ, ಎಂ, ಎ. ಉಕಾರಕ್ಕೆಲ್ಲ ಎರಡು ಓ ಹಾಕುವುದು ನನ್ನ ಅಭ್ಯಾಸ. ಮೂನ್ ಎಂಬ ಚಂದ್ರನಿಗೆ ಇದೆ, ಸ್ಪೂನ್ ಎಂಬ ಚಮಚಕ್ಕೆ ಇದೆ, ನನಗೆ ಯಾಕೆ ಬೇಡ? ರೇಣಕ್ಕ ಹೆಗಲ ಮೇಲಿಂದ ಬಗ್ಗಿ ನೋಡಿ, "ಸುಮಾಗೆ ಒಂದು ಯು ಸಾಕು ಕಣೇ. ಹಿಂಗೆ ಬರೆದ್ರೆ ಸೂಮಾ ಆಗ್ತೈತೆ" ಎಂದಳು. ಅಪ್ಪ ಅಲ್ಲೇ ಇದ್ದರು. "ಸೂಮಾ ಮೇಡಮ್ಮೋರೇ, ಕಾಫಿ ಕೊಡ್ರಿ" ಎಂದು ಎರಡು ದಿನ ಅಣಕಿಸಿದರು. ನಾನು ಹಟಕ್ಕೆ ಎಲ್ಲ ನೋಟುಬುಕ್ಕಿನ ಮೇಲೂ ಎರಡು ಓ ಬರೆದೆ.

ಇನ್ನು ಪ್ರವೀಣಣ್ಣ. ನನ್ನ ದೊಡ್ಡಪ್ಪನ ಮಗ, ಪಕ್ಕದ ಮನೆ, ಪಿಯುಸಿ ಓದುತ್ತಿದ್ದ. ಅವನಿಗೆ ಸ್ವಂತ ಫೋನಿತ್ತು, ಹಾಗಾಗಿ ಜಗತ್ತಿನ ಸಕಲ ವಿಷಯಗಳಲ್ಲೂ ಅವನ ಮಾತೇ ಕೊನೆಯದು. ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಹಾಡು ದಾಟುವುದನ್ನು ಕಾಯುತ್ತ ಕೂತಿದ್ದಾಗ ನಾನು ಕೇಳಿದೆ. "ಅಣ್ಣ, ಇದಕ್ಕೆ ಬ್ಲೂಟೂತ್ ಅಂತ ಯಾಕೆ ಹೆಸರು? ಬ್ಲೂ ಅಂದ್ರೆ ನೀಲಿ, ಟೂತ್ ಅಂದ್ರೆ ಹಲ್ಲು ಅಲ್ವಾ?"

"ಇಷ್ಟೂ ಗೊತ್ತಿಲ್ವಾ? ಆ ಕಂಪನಿ ಮೊದಲು ಹಲ್ಲಿನ ಪೇಸ್ಟ್ ಮಾಡ್ತಿತ್ತು. ಆಮೇಲೆ ಫೋನಿಗೆ ಬಂತು. ಗುರುತು ನೋಡು." ಪರದೆಯ ಮೇಲಿನ ಆ ಸಣ್ಣ ನೀಲಿ ಗುರುತನ್ನು ಉಗುರಿನಿಂದ ತೋರಿಸಿದ. "ಇದು ಇಂಗ್ಲಿಷ್ ಬಿ. ಈ ಕಡೆ ಎರಡು ಕಡ್ಡಿ ಅದಾವಲ್ಲ, ಅವು ಬೇವಿನ ಕಡ್ಡಿ. ಬಿ ಹಲ್ಲುಜ್ಜಾಕೆ ಹತ್ತೈತೆ."

ಎಷ್ಟು ಸರಿಯಾಗಿ ಕೂತಿತ್ತೆಂದರೆ ನಾವೆಲ್ಲ ಹೌದಲ್ಲ ಎಂದು ಬೆರಗಾದೆವು. ಇವತ್ತಿಗೂ ಆ ಗುರುತು ಕಂಡರೆ ನನಗೆ ಮೊದಲು ಕಾಣುವುದು ಬೇವಿನ ಕಡ್ಡಿಯೇ.

ರೇಣಕ್ಕ ಬಾಯಿಗೆ ಕೈ ಅಡ್ಡ ಇಟ್ಟು, "ಅಲ್ಲ ಪ್ರವೀಣ" ಎಂದಳು. "ಅದು ಒಬ್ಬ ರಾಜನ ಹೆಸರು. ಹಳೇ ಕಾಲದವನು. ಅವನ ಒಂದು ಹಲ್ಲು ಸತ್ತು ಕಪ್ಪಾಗಿತ್ತಂತೆ, ನೀಲಿ ಬಣ್ಣಕ್ಕೆ ಕಾಣ್ತಿತ್ತಂತೆ. ಅದಕ್ಕೇ ಜನ ಅವನನ್ನ ಹಂಗೆ ಕರೀತಿದ್ರು. ಅವನ ಹೆಸರೇ ಇದಕ್ಕೆ ಇಟ್ಟಾರೆ."

ಪ್ರವೀಣಣ್ಣ ಕೇಳಿದ. "ಯಾರು ಹೇಳಿದ್ರು?"

"ಓದಿದೆ. ಜಗಳೂರು ಬಸ್ ಸ್ಟ್ಯಾಂಡಿನಾಗೆ. ಮಂಡಕ್ಕಿ ಕಟ್ಟಿದ ಕಾಗದದಾಗೆ."

"ಎಲ್ಲಿ ಕಾಗದ?"

"ಎಣ್ಣೆ ಆಗಿತ್ತು, ಬಿಸಾಕಿದೆ."

"ರಾಜನ ಹೆಸರೇನು?"

"ಅಲ್ಲಿಗೆ ಹರಿದಿತ್ತು."

"ಯಾವ ದೇಶ?"

"ಅದೂ... ಹರಿದಿತ್ತು."

"ನಾನು ಹೇಳ್ಲಾ ಯಾವ ದೇಶ ಅಂತ? ಜಗಳೂರು ದೇಶ! ನಿಮ್ಮೂರ ಬೋರಿನ ನೀರು ಕುಡಿದಿದ್ದ ಆ ರಾಜ!"

ಕಟ್ಟೆಯೇ ನಡುಗುವ ಹಾಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ರೇಣಕ್ಕನೂ ನಗುವಂತೆ ಮಾಡಿ, ಕೈ ತೆಗೆಯದೆ, ಎದ್ದು ಒಳಗೆ ಹೋದಳು. ಫೋನು ಟಿಣ್ ಎಂದಿತು. ಹಾಡು ದಾಟಿತ್ತು.

ಅಂದಿನಿಂದ ಪ್ರವೀಣಣ್ಣ ಅವಳನ್ನು ನೀಲಿ ಹಲ್ಲು ಎಂದು ಕರೆಯತೊಡಗಿದ. ಅಷ್ಟಕ್ಕೆ ನಿಲ್ಲಿಸಲಿಲ್ಲ. ಆಗ ಪ್ರತಿ ಫೋನಿಗೂ ಒಂದು ಹೆಸರು ಇಡಬಹುದಿತ್ತು. ಹಾಡು ಕಳಿಸುವವನು ಹುಡುಕಿದಾಗ ಸುತ್ತಮುತ್ತ ಇರುವ ಫೋನುಗಳ ಹೆಸರು ಪರದೆಯ ಮೇಲೆ ಒಂದೊಂದಾಗಿ ಮೂಡುತ್ತಿತ್ತು. ಹುಲಿ, ಕಿಂಗ್, ಮಂಡಕ್ಕಿ ಬಾಯ್ಸ್, ಹೀಗೆ. ಅವನು ತನ್ನ ಫೋನಿಗೆ ನೀಲಿ ಹಲ್ಲು ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟ.

ರಜೆಯ ಕೊನೆಗೆ ನ್ಯಾಮತಿಯಲ್ಲಿ ನನ್ನ ಸೋದರಮಾವನ ಹೊಸ ಮನೆಯ ಒಕ್ಕಲು. ನಾವೆಲ್ಲ ಬಸ್ಸಿನಲ್ಲಿ ಹೋದೆವು. ಹೊಸ ಸುಣ್ಣದ ವಾಸನೆ, ಉಕ್ಕಿಸಿದ ಹಾಲಿನ ವಾಸನೆ, ಕೈಗೆ ಮದರಂಗಿ. ರೇಣಕ್ಕ ಅಮ್ಮನ ಹಳೆಯ ಸೀರೆಯಿಂದ ಹೊಲಿಸಿದ ಹಸಿರು ಲಂಗ ಹಾಕಿದ್ದಳು. ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಹುಡುಗರು ಹುಡುಗಿಯರೆಲ್ಲ ಹೊರಗಿನ ಚಪ್ಪರದ ಕೆಳಗೆ ಸೇರಿದ್ದೆವು. ಮಾವನ ಮಗ ಹೊಸ ಹಾಡು ತರಿಸಿದ್ದ. ಎಲ್ಲರಿಗೂ ಕಳಿಸುತ್ತೇನೆ ಎಂದು ಹುಡುಕಲು ಇಟ್ಟ. ಹತ್ತು ತಲೆಗಳು ಆ ಸಣ್ಣ ಪರದೆಯ ಮೇಲೆ ಬಗ್ಗಿದವು. ರೇಣಕ್ಕನದೂ ಒಂದು.

ಹೆಸರುಗಳು ಮೂಡಿದವು. ಮಾವನ ಮಗ ಒಂದೊಂದನ್ನೇ ಗಟ್ಟಿಯಾಗಿ ಓದಿದ. "ಕಿಂಗ್... ಹುಲಿ... ಇದೇನಿದು, ನೀಲಿ ಹಲ್ಲೂ? ಯಾರಪ್ಪಾ ಇದು ನೀಲಿ ಹಲ್ಲೂ?"

ಪ್ರವೀಣಣ್ಣ ಬಿದ್ದು ಬಿದ್ದು ನಕ್ಕ. ಅವನು ನಗುತ್ತ ರೇಣಕ್ಕನ ಕಡೆ ನೋಡಿದ. ಎಲ್ಲರೂ ಅವನು ನೋಡಿದ ಕಡೆ ನೋಡಿದರು. ಗುರುತಿಲ್ಲದ ಮಕ್ಕಳೂ ನೋಡಿದರು. ಒಬ್ಬಳು ಸಣ್ಣ ಹುಡುಗಿ ಮುಂದೆ ಬಂದು, "ಎಲ್ಲಿ, ಬಾಯಿ ತೆಗಿ ನೋಡಾಣ" ಎಂದಳು.

ರೇಣಕ್ಕ ಆ ದಿನ ಊಟ ಮಾಡಲಿಲ್ಲ. ಹೊನ್ನಾಳಿಗೆ ಬಂದ ಮರುದಿನವೇ, "ಅತ್ತೇ, ನಾನು ಊರಿಗೆ ಹೋಗ್ತೀನಿ" ಎಂದಳು. ಅಮ್ಮ ಕೇಳಿದಳು, ಅಪ್ಪ ಕೇಳಿದರು. ಹೈಸ್ಕೂಲಿಗೆ ಹೆಸರು ಹಚ್ಚಲು ಅಪ್ಪ ಆಗಲೇ ಅರ್ಜಿ ತಂದಿದ್ದರು. "ಅವ್ವ ನೆನಪಾಗ್ತಾಳೆ" ಎಂದಷ್ಟೇ ಹೇಳಿದಳು. ಅಮ್ಮನಿಗೆ ಯಾರೋ ಚಪ್ಪರದ ಸುದ್ದಿ ಮುಟ್ಟಿಸಿದ್ದರು. ಪ್ರವೀಣಣ್ಣನನ್ನು ಕರೆಸಿ ಬೈದಳು. "ನಾನಲ್ಲ ಚಿಗವ್ವ, ದೇವರಾಣೆ ನಾನಲ್ಲ" ಎಂದ. ಅವನು ಯಾವಾಗ ತಪ್ಪು ಒಪ್ಪಿಕೊಂಡಿದ್ದ? ಯಾರೂ ನಂಬಲಿಲ್ಲ.

ಬಸ್ಸು ಹತ್ತುವ ಮೊದಲು ರೇಣಕ್ಕ ಎರಡು ಲೀಟರಿನ ಒಂದು ಬಾಟಲಿಯಲ್ಲಿ ನಲ್ಲಿ ನೀರು ತುಂಬಿಸಿಕೊಂಡಳು. ದಾರಿಗೆ ಎಂದು ಅಮ್ಮ ಅಂದುಕೊಂಡಳು. ನಾನು ನೋಡುತ್ತ ನಿಂತಿದ್ದೆ. ಅವಳು ನನ್ನೊಂದಿಗೆ ಮಾತಾಡಲಿಲ್ಲ. ದುಃಖಕ್ಕೆ ಎಂದುಕೊಂಡೆ.

ಇದು ನಾನು ಎರಡು ಸಲ ಬರೆದ ಕಥೆ. ಕೊನೆಯಲ್ಲಿ ಪ್ರತಿ ಸಲವೂ ಒಂದು ಸಾಲು ಸೇರಿಸುತ್ತಿದ್ದೆ: ಮಕ್ಕಳು ಎಷ್ಟು ಕ್ರೂರಿಗಳು! ಮಕ್ಕಳು ಎಂದರೆ ಪ್ರವೀಣಣ್ಣ.

ಈಗ ನಾನು ಚನ್ನಗಿರಿಯಲ್ಲಿ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೋದ ತಿಂಗಳು ವಿದ್ಯಾರ್ಥಿಗಳ ಭಾಷಣದ ದಿನ ನನ್ನನ್ನು ಅಧ್ಯಕ್ಷತೆಗೆ ಕೂರಿಸಿದ್ದರು. ಉಬ್ರಾಣಿಯಿಂದ ಬರುವ ಒಬ್ಬ ಹುಡುಗಿ ತಂತ್ರಜ್ಞಾನದ ಹೆಸರುಗಳೂ ಚಿಹ್ನೆಗಳೂ ಎಂಬ ವಿಷಯ ಆರಿಸಿಕೊಂಡಿದ್ದಳು. ಸೇಬಿನ ಗುರುತಿನವರು ಹಣ್ಣನ್ನು ಯಾಕೆ ಕಚ್ಚಿಸಿದರು? ಇಡೀ ಸೇಬನ್ನು ಸಣ್ಣದಾಗಿ ಬರೆದರೆ ಬೇರೆ ಹಣ್ಣಿನ ಹಾಗೆ ಕಾಣುತ್ತದೆ ಎಂಬ ಕಾರಣಕ್ಕಂತೆ. ಜಗತ್ತೆಲ್ಲ ಅಂತರ್ಜಾಲದಲ್ಲಿ ಹುಡುಕಲು ಬಳಸುವ ತಾಣದ ಹೆಸರು ಒಂದು ದೊಡ್ಡ ಸಂಖ್ಯೆಯ ಹೆಸರನ್ನು ತಪ್ಪಾಗಿ ಬರೆದದ್ದರಿಂದ ಹುಟ್ಟಿತಂತೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟುತ್ತಿದ್ದೆ. ಅಷ್ಟರಲ್ಲಿ ಪರದೆಯ ಮೇಲೆ ಬೇವಿನ ಕಡ್ಡಿ ಕಚ್ಚಿದ ಬಿ ಮೂಡಿತು.

"ಬ್ಲೂಟೂತ್ ಅಂದರೆ ನೀಲಿ ಹಲ್ಲು. ಇದು ಸಾವಿರ ವರ್ಷಕ್ಕೂ ಹಿಂದೆ ಉತ್ತರದ ಒಂದು ಚಳಿದೇಶವನ್ನು ಆಳಿದ ರಾಜನ ಅಡ್ಡಹೆಸರು. ಅವನ ಒಂದು ಹಲ್ಲು ಸತ್ತು ಬಣ್ಣ ಕೆಟ್ಟಿತ್ತು ಎಂದು ಹೇಳುತ್ತಾರೆ."

ಚಪ್ಪಾಳೆಗೆ ಎತ್ತಿದ ನನ್ನ ಕೈಗಳು ಹಾಗೇ ನಿಂತವು. ಹುಡುಗಿ ಮುಂದೆ ಏನು ಹೇಳಿದಳೋ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಎರಡು ಪದವಿ ಪಡೆದಿದ್ದೇನೆ. ದಿನಕ್ಕೆ ಹತ್ತು ಸಲ ಆ ಗುರುತನ್ನು ಒತ್ತುತ್ತೇನೆ. ಒಂದು ಸಲವೂ ಹುಡುಕಿ ನೋಡಬೇಕು ಅನ್ನಿಸಿರಲಿಲ್ಲ. ಹದಿಮೂರು ವರ್ಷದ ಹುಡುಗಿ ಎಣ್ಣೆ ಕಾಗದದಲ್ಲಿ ಓದಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸತ್ತು ಕಪ್ಪಾದ ಹಲ್ಲಿನ ರಾಜ ಇದ್ದ ಎಂದು ಅವಳು ಹೇಳಿದ್ದು ಜಾಣತನ ತೋರಿಸಲು ಇರಲಿಕ್ಕಿಲ್ಲ. ಅಂಥ ಬಾಯಿಯವನೂ ರಾಜನಾಗಿದ್ದ ಎಂದು ಯಾರಿಗಾದರೂ ಹೇಳಬೇಕಿತ್ತು ಅವಳಿಗೆ. ನಮಗೆ ಹೇಳಿದಳು.

ಆ ಭಾನುವಾರ ಹೊನ್ನಾಳಿಗೆ ಹೋದೆ. ಅಪ್ಪನ ಹಳೆಯ ಫೋನು ಬೀರುವಿನಲ್ಲಿತ್ತು, ತೆಳು ಪಿನ್ನಿನ ಚಾರ್ಜರ್ ಸಮೇತ. ಅದರಲ್ಲಿ ಆ ಬೇಸಿಗೆಯ ಹಾಡುಗಳು ಇರಬಹುದು, ರೇಣಕ್ಕನಿಗೆ ಕೇಳಿಸಬಹುದು ಎಂಬ ಆಸೆ. ಒಂದು ತಾಸು ಚಾರ್ಜಿಗೆ ಇಟ್ಟ ಮೇಲೆ ಎರಡು ಕೈ ಬಂದು ಹಿಡಿದುಕೊಂಡವು. ಅಪ್ಪ ಪಕ್ಕದಲ್ಲೇ ಕೂತು, "ನೋಡೇ, ಇನ್ನೂ ಜೀವ ಐತೆ" ಎಂದರು. ಹಾಡು ಒಂದೂ ಇರಲಿಲ್ಲ. ಬ್ಲೂಟೂತಿನ ಪುಟ ತೆರೆದೆ. ಈ ಫೋನಿನ ಹೆಸರು ಎಂಬ ಜಾಗ ಒತ್ತಿದೆ.

ಎನ್, ಇ, ಇ, ಎಲ್, ಐ. ಒಂದು ಜಾಗ ಬಿಟ್ಟು, ಎಚ್, ಎ, ಎಲ್, ಎಲ್, ಓ, ಓ.

ಎರಡು ಓ.

ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಪ್ರವೀಣಣ್ಣ ಅಪ್ಪನ ಫೋನು ತೆಗೆದುಕೊಂಡು ಬರೆದಿರಬಹುದು ಎಂದು ಮೊದಲು ಯೋಚಿಸಿದೆ. ಆದರೆ ಅಪ್ಪನ ಫೋನನ್ನು ಅವನು ಮುಟ್ಟುತ್ತಿರಲಿಲ್ಲ, ಹೆದರುತ್ತಿದ್ದ. ಉಕಾರಕ್ಕೆ ಎರಡು ಓ ಹಾಕುವವಳು ಊರಲ್ಲಿ ನಾನೊಬ್ಬಳೇ. ನ್ಯಾಮತಿಯಲ್ಲಿ ಹೊಸ ಹಾಡು ಬೇಕೆಂದು ಅಪ್ಪನ ಫೋನು ಕೇಳಿ ತೆಗೆದುಕೊಂಡು ಕೈಯಲ್ಲಿ ಹಿಡಿದು ನಿಂತಿದ್ದವಳೂ ನಾನೇ. ಮಾವನ ಮಗ "ಹಲ್ಲೂ" ಎಂದು ಎಳೆದು ಓದಿದ್ದು ಯಾಕೆ ಎಂಬುದೂ ಈಗ ತಿಳಿಯಿತು. ನಗುವವನೇ ಮಾಡಿದವನು ಎಂದು ಎಲ್ಲರೂ ಎಣಿಸಿದರು. ಬರಬರುತ್ತ ನಾನೂ ಹಾಗೇ ಎಣಿಸಿದೆ. ಇಷ್ಟು ವರ್ಷ ನನ್ನ ಕಣ್ಣ ಮುಂದೆ ಒಂದು ಹೆಬ್ಬೆರಳು ಗುಂಡಿ ಒತ್ತುವ ಚಿತ್ರವಿತ್ತು, ಪ್ರವೀಣಣ್ಣನದು ಎಂದು. ಕಲ್ಲಿನ ಮೇಲೆ ಕೂತು ಮತ್ತೆ ನೋಡಿದೆ. ಆ ಹೆಬ್ಬೆರಳಿಗೆ ಮದರಂಗಿ ಹಚ್ಚಿತ್ತು.

ಆ ಫೋನಿನಲ್ಲಿ ಓ ಬರಬೇಕಾದರೆ ಆರನೇ ಗುಂಡಿ ಮೂರು ಸಲ ಒತ್ತಬೇಕು. ಇನ್ನೊಂದು ಓ ಬೇಕಾದರೆ ತಕ್ಷಣ ಒತ್ತುವ ಹಾಗಿಲ್ಲ, ಪರದೆಯ ಮೇಲೆ ಮಿಟುಕುವ ಗೆರೆ ಮುಂದೆ ಸರಿಯುವವರೆಗೆ ತಾಳಬೇಕು. ನಾನು ತಾಳಿದ್ದೆ. ಅಪ್ಪ ಆ ಫೋನನ್ನು ಎಷ್ಟೋ ವರ್ಷ ಜೇಬಿನಲ್ಲಿಟ್ಟುಕೊಂಡು ಕಚೇರಿಗೆ, ಮದುವೆಗಳಿಗೆ, ಜಗಳೂರಿಗೆ ಅಕ್ಕನ ಮನೆಗೂ ಹೋಗಿ ಬಂದಿದ್ದಾರೆ, ಆ ಹೆಸರನ್ನು ಹೊತ್ತುಕೊಂಡು.

ರೇಣಕ್ಕ ಊರಿಗೆ ಹೋದ ಮೇಲೆ ಎರಡು ವರ್ಷ ಮನೆಯಲ್ಲೇ ಇದ್ದಳು. ಆಮೇಲೆ ಹಟ ಹಿಡಿದು ದಿನಾ ಜಗಳೂರಿಗೆ ಬಸ್ಸಿನಲ್ಲಿ ಓಡಾಡಿ ಹತ್ತನೆಯದನ್ನೂ ಪಿಯುಸಿಯನ್ನೂ ಮುಗಿಸಿದಳು. ಈಗ ಅವರೂರಿನ ಅಂಗನವಾಡಿಯಲ್ಲಿ ಟೀಚರು. ಮದುವೆ ಮುಂಜಿಗಳಲ್ಲಿ ಸಿಗುತ್ತೇವೆ. ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಾಳೆ, ಚೆನ್ನಾಗಿ ಮಾತಾಡುತ್ತಾಳೆ, ನಿಲ್ಲುವುದಿಲ್ಲ. ಎಂಟು ದಿನ ಧೈರ್ಯ ಕೂಡಿಸಿಕೊಂಡು ಫೋನು ಮಾಡಿದೆ. ಹಿಂದೆ ಮಕ್ಕಳು ಒಂದು ಎರಡು ಹೇಳುವ ಸದ್ದು.

"ರೇಣಕ್ಕ, ಆ ರಾಜನ ಕಥೆ ನಿಜ ಕಣೇ."

"ಯಾವ ರಾಜ?"

"ಹಲ್ಲಿನ ರಾಜ. ಬ್ಲೂಟೂತ್."

"ನಿಜ ಅಂತ ನಂಗೊತ್ತಿತ್ತಲ್ಲೇ" ಎಂದಳು. "ನಾನು ಓದಿದ್ದೆನಲ್ಲ." ಆಮೇಲೆ ದನಿ ಸ್ವಲ್ಪ ತಗ್ಗಿಸಿ, "ಹರಿದಿದ್ದ ಕಡೆ ಏನಿತ್ತು? ಗೊತ್ತಾತಾ ನಿಂಗೆ?"

ಇಷ್ಟು ವರ್ಷವೂ ಆ ಕಾಗದ ಅವಳೊಳಗೆ ಹರಿದೇ ಉಳಿದಿತ್ತು. ಉಬ್ರಾಣಿಯ ಹುಡುಗಿ ಹೇಳಿದ್ದನ್ನೂ ಆಮೇಲೆ ನಾನೇ ಹುಡುಕಿ ಓದಿದ್ದನ್ನೂ ಹೇಳಿದೆ. "ಚೆದುರಿದ್ದ ಜನಾನ ಅವನು ಒಂದು ಮಾಡಿದ್ನಂತೆ. ಇದೂ ಫೋನಿಗೆ ಫೋನು ಕೂಡಿಸೋದಲ್ವಾ, ಅದಕ್ಕೇ ಅವನ ಹೆಸರು. ಮೊದಲು ಸುಮ್ನೆ ಸದ್ಯಕ್ಕೆ ಅಂತ ಇಟ್ಟಿದ್ರಂತೆ, ಅದೇ ಉಳೀತು. ಆ ಗುರುತು ಅವನ ಹೆಸರಿನ ಎರಡು ಅಕ್ಷರ, ಅವರ ಹಳೇ ಲಿಪಿದು, ಒಂದರ ಮೇಲೊಂದು ಕೂಡಿಸಿದ್ದು."

"ಬೇವಿನ ಕಡ್ಡಿ ಅಲ್ಲಾ?"

"ಅಲ್ಲ."

"ಅಯ್ಯೋ, ಅದೊಂದನ್ನ ನಾನು ನಂಬಿದ್ದೆ ಕಣೇ!"

ನನಗೆ ನಗು ಬರಲಿಲ್ಲ. "ರೇಣಕ್ಕ, ನ್ಯಾಮತಿ ಚಪ್ಪರದಾಗೆ ಫೋನಿನ ಮೇಲೆ ಒಂದು ಹೆಸರು ಬಂತಲ್ಲ..."

"ಎರಡು ಓ" ಎಂದಳು.

"ನಿಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾತು. ನಾನೂ ಬಗ್ಗಿ ನೋಡ್ತಿದ್ದೆನಲ್ಲ. ಪ್ರವೀಣ ಪಿಯುಸಿ ಓದ್ತಿದ್ದ, ಅವನು ಯಾಕೆ ಎರಡು ಓ ಹಾಕ್ತಾನೆ?"

"ಯಾಕೆ ಹೇಳ್ಲಿಲ್ಲ ಯಾರಿಗೂ?"

"ಹೇಳಿದ್ರೆ ಮಾವ ನಿಂಗೆ ಹೊಡೀತಿದ್ರು." ಒಂದು ಮಗುವಿಗೆ ಏನೋ ಗದರಿ ಮತ್ತೆ ಬಂದಳು. "ಪ್ರವೀಣ ಅಂದ್ರೆ ನಾನು ಇರ್ತಿದ್ದೆ ಸುಮಿ. ಅವನ ಮಾತು ಯಾರು ತಲೆಗೆ ಹಾಕ್ಕಂತಾರೆ? ಹೈಸ್ಕೂಲು, ಹೊಳೆ ನೀರು, ಎಲ್ಲಾ ಬೇಕಾಗಿತ್ತು ನಂಗೆ. ನೀನು ಅಂತ ಗೊತ್ತಾತು ನೋಡು. ಇಟ್ಟಿಗೆ ಪುಡಿ ವಿಷ್ಯ ನಿಂಗೊಬ್ಬಳಿಗೇ ಗೊತ್ತಿತ್ತು. ಅದೇ ಚಾಪೆ ಮೇಲೆ ಮತ್ತೆ ಹೆಂಗೆ ಮಲಗಲಿ?"

ಇದನ್ನು ಬರೆದು ಮೂರು ದಿನ ಡೈರಿ ಮುಚ್ಚಿಟ್ಟಿದ್ದೆ. ಚನ್ನಗಿರಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಿನ್ನೆ ಬ್ಲೂಟೂತ್ ತೆರೆದು ನೋಡಿದೆ. ಸುತ್ತ ನೂರು ಜನ, ಪರದೆಯ ತುಂಬ ಕಂಪನಿಗಳ ಹೆಸರು, ಮುಂದೆ ಅಂಕಿಗಳು. ಹುಲಿ ಇಲ್ಲ, ಕಿಂಗ್ ಇಲ್ಲ. ಈಗ ಯಾರೂ ಹೆಸರಿಡುವ ಗೋಜಿಗೆ ಹೋಗುವುದಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡೆ. ಅದರ ಹಿಂದೆಯೇ, ತಲೆಗೆ ತಲೆ ತಾಗಿಸಿ ಮಲಗಿದ ಎರಡು ಫೋನು ನೆನಪಾದವು, ಮತ್ತು ಹಾಗೆಯೇ ಮಲಗುತ್ತಿದ್ದ ಇಬ್ಬರು ಹುಡುಗಿಯರು. ಪ್ರವೀಣಣ್ಣನಿಗೆ ಹೇಳಬೇಕಾದದ್ದು ಇನ್ನೂ ಬಾಕಿ ಇದೆ. ಅದನ್ನು ಹೇಳಬಹುದು, ಅವನು ನಾಲ್ಕು ಬೈದು ಮರೆಯುತ್ತಾನೆ. ಆದರೆ ರೇಣಕ್ಕನ ಮೂರು ವರ್ಷವನ್ನು ಯಾವ ಬೀರುವಿನಿಂದ ತೆಗೆಯಲಿ? ಅವಳ ನಗು ಹೇಗಿತ್ತು ಎಂದು ಬರೆಯಲು ಹೊರಟೆ, ಬರಲಿಲ್ಲ. ಮರೆತದ್ದಲ್ಲ. ನಾನು ಅದನ್ನು ನೋಡಿಯೇ ಇಲ್ಲ.

ಅವತ್ತು ಫೋನಿನ ಕೊನೆಯಲ್ಲಿ ಅವಳೇ ಮಾತು ತಿರುಗಿಸಿದ್ದಳು. "ಬಿಡೇ, ಅಳಬ್ಯಾಡ. ಮಾವನ ಆ ಫೋನು ಇನ್ನೂ ನಡೀತೈತಾ? ಹಂಗಾರೆ ಹೆಸರು ಅಳಿಸಬ್ಯಾಡ, ಇರಲಿ. ರಾಜನ ಹೆಸರಲ್ವಾ!"

ಹಾಗೆಂದು ನಕ್ಕಳು. ಜೋರಾಗಿಯೇ ನಕ್ಕಳು. ನಡುವೆ ನಲವತ್ತು ಹಳ್ಳಿಗಳ ದೂರ, ಅವಳ ಮುಖ ನನಗೆ ಕಾಣುವಂತಿರಲಿಲ್ಲ. ಆದರೂ ಆ ನಗು ಬಾಯಿಗೆ ಅಡ್ಡ ಹಿಡಿದ ಅಂಗೈಯ ಒಳಗಿಂದ ಬಂದಂತೆ ಕೇಳಿಸಿತು.